ಹೆರಿಗೆ ಭಯ: ಕಾನೂನು ಕೊಡುವ ಧೈರ್ಯವೆಷ್ಟು?

ಬಸುರಿಯ ಭಯವನ್ನು ನಮ್ಮ ಮನೆಗಳಲ್ಲಿ ‘ಎಲ್ಲರೂ ಹೆತ್ತಿಲ್ಲವೇ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಆ ಭಯವೆಲ್ಲ ನೋವಿನದ್ದೇ ಅಲ್ಲ. ಭದ್ರಾವತಿಯಲ್ಲಿ ದಾಖಲಾದವಳಿಗೆ, ನೋವು ಏರಿದ ಹೊತ್ತಿನಲ್ಲಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಟ್ಟರೆ ಗತಿಯೇನು ಎಂಬ ಅಳುಕಿರಬಹುದು. ಒಳಗೆ ಒಬ್ಬಳೇ ಇರಬೇಕು, ಕೂಗಿದರೆ ಬೈಸಿಕೊಳ್ಳಬೇಕು, ಏನು ಮಾಡುತ್ತಿದ್ದಾರೆಂದು ಯಾರೂ ಹೇಳುವುದಿಲ್ಲ ಎಂಬ ಅಳುಕು ಇನ್ನೊಬ್ಬಳದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಇದನ್ನು ಬರೀ ಮನಸ್ಸಿನ ದೌರ್ಬಲ್ಯ ಎಂದು ತಳ್ಳಿಹಾಕುವಂತಿಲ್ಲ. ಭಯದ ಈ ಪಾಲು ವ್ಯವಸ್ಥೆಯಿಂದ ಹುಟ್ಟಿದ್ದು. ಅದಕ್ಕೆ ಸಮಾಧಾನದ ಮಾತಿಗಿಂತ ಹಕ್ಕಿನ ತಿಳಿವಳಿಕೆಯೇ ಮದ್ದು.

ಖರ್ಚಿನ ಚಿಂತೆಗೆ ಉತ್ತರ ಸರಳ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಎಲ್ಲವೂ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟವೂ ಉಂಟು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸಿದರೆ ವಾಹನ ಒದಗಿಸುವುದೂ ಇದರಲ್ಲೇ ಸೇರಿದೆ. ಆದ್ದರಿಂದ ಭದ್ರಾವತಿಯಿಂದ ಮೆಗ್ಗಾನ್‌ಗೆ ಹೋಗಲು ಮನೆಯವರು ಬಾಡಿಗೆ ಕಾರು ಹುಡುಕಬೇಕಾಗಿಲ್ಲ. ಇದನ್ನು ದಾನವೆಂದು ಭಾವಿಸುವವರು ದೆಹಲಿ ಹೈಕೋರ್ಟಿನ 2010ರ ಲಕ್ಷ್ಮಿ ಮಂಡಲ್ ತೀರ್ಪನ್ನು ನೆನೆಯಬೇಕು: ಸುರಕ್ಷಿತ ತಾಯ್ತನವನ್ನು ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಇಟ್ಟಿತು.

ಒಂಟಿತನದ ವಿಷಯ ಇಷ್ಟು ಸುಲಭವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗಾತಿಯೊಬ್ಬಳಿಗೆ ಅವಕಾಶ ಕೊಡಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ಅವಳು ಸ್ವತಃ ಹೆತ್ತ ಅನುಭವದವಳಾಗಿರಬೇಕು, ಸೋಂಕು ರೋಗ ಇರಬಾರದು, ಸಿಬ್ಬಂದಿಯ ಕೆಲಸಕ್ಕೆ ಅಡ್ಡಬರಬಾರದು. ವಾರ್ಡ್ ಕಿಕ್ಕಿರಿದಿರುತ್ತದೆ, ಪಕ್ಕದ ಹಾಸಿಗೆಯವಳ ಮಾನ ನೋಡಬೇಡವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ನಡುವೆ ಪರದೆ ಕಟ್ಟುವುದು, ತಾಯಿಯನ್ನೋ ಅತ್ತಿಗೆಯನ್ನೋ ಹೊರಗೆ ನಿಲ್ಲಿಸುವುದಲ್ಲ. ಇದು ಶಾಸನವಲ್ಲ, ಮಾರ್ಗಸೂಚಿ ಎನ್ನುವುದೂ ನಿಜ. ನೇರವಾಗಿ ಕೋರ್ಟಿಗೆ ಹೋಗಿ ಗೆಲ್ಲುವುದು ಕಷ್ಟ. ಆದರೂ ಸರ್ಕಾರವೇ ಒಪ್ಪಿದ್ದನ್ನು ಅದರ ಆಸ್ಪತ್ರೆ ನಿರಾಕರಿಸಿದರೆ ಕಾರಣ ಕೇಳಬಹುದು, ಲಿಖಿತವಾಗಿಯೇ ಕೇಳಬಹುದು.

ಒಪ್ಪಿಗೆಯ ಮಾತಿನಲ್ಲಿ ಕಾನೂನು ಗಟ್ಟಿಯಾಗಿದೆ. ಏನು ಮಾಡುತ್ತಾರೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂದು ತಿಳಿಸದೆ ಪಡೆದ ಸಹಿ ಒಪ್ಪಿಗೆಯಲ್ಲ, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಜೀವ ಉಳಿಸುವ ತುರ್ತು ಮಾತ್ರ ಹೊರತು. ಹಾಗಾದರೆ ಹೆದರಿಕೆಯಾಗುತ್ತದೆ ಎಂದವಳಿಗೆಲ್ಲ ಸಿಸೇರಿಯನ್ ಮಾಡಬೇಕೇ? ಇಲ್ಲ, ಅಂಥ ಹಕ್ಕನ್ನು ನಮ್ಮ ಯಾವ ಶಾಸನವೂ ಕೊಟ್ಟಿಲ್ಲ. ಬ್ರಿಟನ್ನಿನ ಮಾರ್ಗಸೂಚಿಯೂ ಮೊದಲು ಸೂಚಿಸುವುದು ಆಪ್ತಸಮಾಲೋಚನೆಯನ್ನೇ. ಇಲ್ಲಿ ಅದಕ್ಕೆ ಬಲ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ. ನಿದ್ದೆಗೆಡಿಸುವಷ್ಟು ಭಯವಿದ್ದರೆ ಮೆಗ್ಗಾನ್‌ನ ಮನೋವೈದ್ಯ ವಿಭಾಗಕ್ಕೆ ಕಳಿಸಿ ಎಂದು ಕೇಳಬಹುದು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಹಕ್ಕು ಹಕ್ಕು ಎಂದರೆ ವೈದ್ಯರು ಹೆದರಿ ಎಲ್ಲರನ್ನೂ ಬೇರೆಡೆಗೆ ಕಳಿಸಿಬಿಡುತ್ತಾರೆ ಎನ್ನುವವರಿದ್ದಾರೆ. ವೈದ್ಯರನ್ನು ನಿಜಕ್ಕೂ ಹೆದರಿಸುವುದು ಅರ್ಜಿಯಲ್ಲ, ಗಲಾಟೆ. ಆಸ್ಪತ್ರೆಯಲ್ಲಿ ಹಲ್ಲೆ ಮಾಡಿದವರಿಗೆ 2009ರ ರಾಜ್ಯ ಕಾಯ್ದೆಯಡಿ ಜೈಲೂ ಇದೆ. ಅರ್ಜಿಯ ದಾರಿ ನೆಟ್ಟಗಿದೆ. ಮೊದಲು ಕೇಸ್ ಶೀಟ್ ಪ್ರತಿ ಕೇಳಿ; 2002ರ ವೈದ್ಯಕೀಯ ನೀತಿ ನಿಯಮಗಳಂತೆ 72 ಗಂಟೆಯೊಳಗೆ ಕೊಡಬೇಕು. ಸರ್ಕಾರಿ ಆಸ್ಪತ್ರೆಯಾದರೆ ಅದರ ಮುಖ್ಯಸ್ಥರಿಗೆ, ಅಲ್ಲಿ ಕೆಲಸವಾಗದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ಸ್ವೀಕೃತಿ ಪಡೆಯಿರಿ. ಖಾಸಗಿಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಪರಿಹಾರಕ್ಕೆ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೂ ಹೋಗಬಹುದು. ಎಲ್ಲರಿಗೂ ಪೂರ್ತಿ ಉಚಿತ ಸೇವೆ ಕೊಡುವ ಆಸ್ಪತ್ರೆ ಮಾತ್ರ ಗ್ರಾಹಕ ಕಾನೂನಿಗೆ ಸಿಗದು. ವಕೀಲರ ಶುಲ್ಕಕ್ಕೆ ಅಂಜಬೇಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಉಚಿತ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿರಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಇದೆಲ್ಲಕ್ಕೂ ಮುಂಚೆ, ತುಂಬು ತಿಂಗಳಾಗುವ ಮೊದಲೇ, ತಪಾಸಣೆಗೆ ಹೋದಾಗ ಜೊತೆಗೆ ಯಾರು ಇರುತ್ತಾರೆ, ಕಳಿಸುವುದಾದರೆ ಎಲ್ಲಿಗೆ ಎಂಬ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ.