ಬಿಚ್ಚುವ ಮುನ್ನ ಒಂದು ಮಾತು

ಕಂಬದೂರು, ಕಲ್ಯಾಣದುರ್ಗದ ಕಡೆಯ ಮನೆಗಳಲ್ಲೂ ಕೆಟ್ಟ ಮಿಕ್ಸಿ, ನಿಂತ ಗಡಿಯಾರ ಮೂಲೆ ಸೇರಿರುತ್ತವೆ. ರಜೆಯಲ್ಲಿ ಮಕ್ಕಳಿಂದ ಬಿಚ್ಚಿಸಿ ಗೊಂಬೆ ಮಾಡಿಸಿ, ಬಹಳ ಒಳ್ಳೆಯದು. ಹಾಳು ಸಾಮಾನಿನಿಂದಲೂ ಕಲೆ ಹುಟ್ಟುತ್ತದೆ: ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ನೇಕ್ ಚಂದ್ ಕಟ್ಟಿದ ಚಂಡೀಗಢದ ರಾಕ್ ಗಾರ್ಡನ್ 1976ರಿಂದ ಜನರಿಗೆ ತೆರೆದಿದೆ.

ಆದರೆ ಪ್ಲಗ್ ಕಿತ್ತರೆ ಸಾಕು, ಅಪಾಯವಿಲ್ಲ ಅಂದುಕೊಳ್ಳಬೇಡಿ. ಹಳೆಯ ದಪ್ಪ ಟಿ.ವಿ., ಮೈಕ್ರೋವೇವ್ ಒಲೆಯ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು, ಆ ಟಿ.ವಿ.ಯ ಗಾಜು ಒಡೆದರೆ ಚೂರು ಸಿಡಿಯುತ್ತದೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಿನೊಳಗೆ ಪಾದರಸವಿದೆ. ಇವು ಮಕ್ಕಳ ಕೈಗೆ ಬೇಡವೇ ಬೇಡ. ಬಟನ್ ಸೆಲ್ಲುಗಳನ್ನು ಮೊದಲೇ ತೆಗೆದಿಡಿ, ಚಿಕ್ಕವರು ನುಂಗಿದರೆ ಅನ್ನನಾಳ ಸುಟ್ಟೀತು.

ಇನ್ನೊಂದು, ಗೊಂಬೆ ಹೀಗೇ ಇರಬೇಕೆಂದು ನೀವೇ ಕೈಹಾಕಬೇಡಿ. ಸ್ಪ್ರಿಂಗು ಬಾಲವೋ ಸೊಂಡಿಲೋ, ಮಗುವೇ ಹೇಳಲಿ.