ಸಂಜೆಯಾದರೆ ಏಳುವ ಗಂಧೆ

ಪ್ರಶ್ನೆ: ತೃಶ್ಶಿಲೇರಿಯ ಕಾಫಿ ತೋಟದಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 34. ಎರಡು ತಿಂಗಳಿಂದ ಸಂಜೆಯಾದರೆ ಕೈ, ಬೆನ್ನು, ತೊಡೆಯ ಮೇಲೆ ಕೆಂಪು ಗಂಧೆ ಎದ್ದು ವಿಪರೀತ ತುರಿಸುತ್ತದೆ. ಬೆಳಿಗ್ಗೆ ಗುರುತೂ ಇರುವುದಿಲ್ಲ. ಪಿತ್ತವೆಂದು ಅತ್ತೆ ಕಂಬಳಿಯಿಂದ ಉಜ್ಜುತ್ತಾರೆ. ಮೀನು, ಮೊಟ್ಟೆ, ಬದನೆ ಬಿಡಿಸಿದ್ದಾರೆ. ತುರಿಕೆಯ ಮಾತ್ರೆ ನುಂಗಿದ ದಿನ ಏಳುವುದಿಲ್ಲ, ಮರುದಿನ ಮತ್ತೆ ಶುರು. ರಕ್ತ ಕೆಟ್ಟಿದೆಯೇ ಡಾಕ್ಟರೇ?

ಉತ್ತರ: ರಕ್ತ ಕೆಟ್ಟಿಲ್ಲಮ್ಮ. ಇದು ಮಕ್ಕಳಿಗೆ ಅಂಟುವುದೂ ಇಲ್ಲ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಟ್ಟಾಗ ಸಣ್ಣ ರಕ್ತನಾಳಗಳಿಂದ ನೀರು ಒಸರಿ ಚರ್ಮ ಊದುತ್ತದೆ, ತುರಿಸುತ್ತದೆ. ಒಂದೊಂದು ಗಂಧೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ ಅಡಗುತ್ತದೆ. ಒಂದೇ ಜಾಗದಲ್ಲಿ ದಿನ ಕಳೆದರೂ ನಿಂತು, ನೋವಾಗಿ, ಕಂದು ಕಲೆ ಉಳಿದರೆ ಅದು ಬೇರೆ ಕಾಯಿಲೆ, ಚರ್ಮತಜ್ಞರಿಗೆ ತೋರಿಸಬೇಕು.

ತೋಟದ ಕಂಬಳಿಹುಳುವಿನಿಂದ ಎಂಬ ಅನುಮಾನವೂ ಬೇಡ: ಅದು ತಾಗಿದ್ದರೆ ತಾಗಿದಲ್ಲೇ ಉರಿ, ಆಗಲೇ ದದ್ದು. ನಿಮ್ಮದು ಹಾಗಲ್ಲ. 6 ವಾರ ದಾಟಿದ ಗಂಧೆಗೆ ಆಹಾರ ಕಾರಣವಾಗುವುದು ಬಹಳ ಅಪರೂಪ. ಎಷ್ಟೋ ಜನರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಕೋಶಗಳನ್ನು ಕೆರಳಿಸುತ್ತಿರುತ್ತದೆ. ದುಡಿಯುವ ಹೆಂಗಸಿಗೆ ಮೀನು, ಮೊಟ್ಟೆ ಬಿಡಿಸುವುದು ನನಗೆ ಸರಿ ಕಾಣುವುದಿಲ್ಲ. ತಿಂದ ಒಂದೆರಡು ಗಂಟೆಯೊಳಗೆ ಪ್ರತಿಬಾರಿಯೂ ಗಂಧೆ ಎದ್ದರೆ ಮಾತ್ರ ಆ ಪದಾರ್ಥ ಬಿಡಿ. ಕಂಬಳಿಯನ್ನಂತೂ ಇವತ್ತೇ ನಿಲ್ಲಿಸಿ, ಉಜ್ಜಿದಷ್ಟೂ ಹಿಸ್ಟಮಿನ್ ಹೆಚ್ಚುತ್ತದೆ. ಸೊಂಟನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತಿದ್ದೀರಾ? ಅವೂ ಗಂಧೆಯನ್ನು ಕೆರಳಿಸಬಹುದು.

ನಿಮ್ಮ ತಪ್ಪು ಮಾತ್ರೆಯಲ್ಲಿಲ್ಲ, ನುಂಗುವ ಕ್ರಮದಲ್ಲಿದೆ. ಸೆಟಿರಿಜಿನ್ 10 ಮಿಲಿಗ್ರಾಂ ಅಥವಾ ಲಿವೋಸೆಟಿರಿಜಿನ್ 5 ಮಿಲಿಗ್ರಾಂ, ಯಾವುದಾದರೂ ಒಂದನ್ನು, ಗಂಧೆ ಏಳಲಿ ಬಿಡಲಿ, ದಿನಕ್ಕೊಂದರಂತೆ ತೆಗೆದುಕೊಳ್ಳಬೇಕು. ನಿದ್ದೆ ಬರಿಸಬಹುದು, ರಾತ್ರಿ ನುಂಗಿ. ಗರ್ಭಿಣಿಯಾಗಿದ್ದರೆ, ಎದೆಹಾಲು ಕೊಡುತ್ತಿದ್ದರೆ, ಮೂತ್ರಪಿಂಡದ ತೊಂದರೆಯಿದ್ದರೆ ಮೊದಲು ವೈದ್ಯರಿಗೆ ಹೇಳಿ. ಎರಡು ವಾರದಲ್ಲಿ ಹಿಡಿತಕ್ಕೆ ಬರದಿದ್ದರೆ ಅವರು ನಾಲ್ಕು ಪಟ್ಟಿನವರೆಗೂ ಏರಿಸಬಲ್ಲರು, ನೀವಾಗಿ ಏರಿಸಬೇಡಿ. ಅದಕ್ಕೂ ಬಗ್ಗದವರಿಗೆ ಒಮಾಲಿಜುಮ್ಯಾಬ್ ಚುಚ್ಚುಮದ್ದಿದೆ, ಬೆಲೆ ಹೆಚ್ಚು. ಅಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಮಾತ್ರೆ ತಿನ್ನಬೇಡಿ. ಬೇಗ ಗುಣ ಕಂಡರೂ ತಿಂಗಳುಗಟ್ಟಲೆ ತಿಂದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ.

ತೋಟದಲ್ಲಿ ಎಲ್ಲರಿಗೂ ಇದನ್ನು ತಿಳಿಸಿ: ಕಣಜವೋ ಹೆಜ್ಜೇನೋ ಕಚ್ಚಿದ ಮೇಲೆ ಗಂಧೆಯ ಜೊತೆ ನಾಲಗೆ ಊದಿದರೆ, ಉಸಿರು ಕಟ್ಟಿದರೆ, ವಾಂತಿಯಾಗಿ ತಲೆ ತಿರುಗಿದರೆ ಮಾತ್ರೆ ಹುಡುಕುತ್ತ ಕೂರಬೇಡಿ. ಮಲಗಿಸಿಕೊಂಡು ತಕ್ಷಣ ಹತ್ತಿರದ ಆಸ್ಪತ್ರೆಗೆ, ಇಲ್ಲವೇ ಮಾನಂತವಾಡಿಯ ವೈದ್ಯಕೀಯ ಕಾಲೇಜಿಗೆ ಒಯ್ಯಿರಿ. ಆಗ ಜೀವ ಉಳಿಸುವುದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು.