‘ಎಸ್‌ಟಿಯವರು ಎದ್ದು ನಿಲ್ಲಿ’

ವಿದ್ಯಾರ್ಥಿವೇತನದ ಸುತ್ತೋಲೆ ಬಂದ ದಿನ ತರಗತಿಯಲ್ಲೇ ‘ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ’ ಎಂದುಬಿಡುವುದುಂಟು. ಹೇಳಿದವರಿಗೆ ಅದು ಬರೀ ಕಚೇರಿ ಕೆಲಸ. ಎದ್ದು ನಿಲ್ಲಬೇಕಾದ, ನಮ್ಮ ಕರಾವಳಿಯ ಕೊರಗ ಬುಡಕಟ್ಟಿನ ಹುಡುಗಿಗೆ ಹಾಗಲ್ಲ. ಕೊರಗರನ್ನು ಕೀಳಾಗಿ ಕಂಡು ಅವಮಾನಿಸುವ ಅಜಲು ಪದ್ಧತಿ ನಿಲ್ಲಿಸಲು 2000ದಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು ಎಂಬುದನ್ನು ನೆನೆದರೆ ಅವಳ ಸಂಕಟ ಅರ್ಥವಾದೀತು.

ಯುಜಿಸಿಯ 2012ರ ಸಮಾನತೆ ನಿಯಮಾವಳಿ ಇದನ್ನೇ ತಡೆಯುತ್ತದೆ. ತರಗತಿಯಲ್ಲಿ ಜಾತಿ, ಬುಡಕಟ್ಟಿನ ಹೆಸರು ಹೇಳಿ ಕರೆಯುವಂತಿಲ್ಲ. ‘ಮೀಸಲಾತಿಯವರು’ ಎಂದು ಗುರುತಿಸುವಂತಿಲ್ಲ. ಕಡಿಮೆ ಅಂಕಕ್ಕೆ ಜಾತಿಯನ್ನೋ ಊರನ್ನೋ ಕಾರಣ ಮಾಡಿ ಹೀಯಾಳಿಸುವುದು, ಪ್ರಯೋಗಾಲಯದಲ್ಲಿ ಕೆಲಸ ಕೊಡದೆ ಸುಮ್ಮನೆ ನಿಲ್ಲಿಸುವುದು ಕೂಡ ತಾರತಮ್ಯವೇ. ಭಾಷೆಯೂ ಈ ಪಟ್ಟಿಯಲ್ಲಿದೆ. ಕುಂದಾಪ್ರ ಕನ್ನಡದಲ್ಲಿ ‘ಹೋಯ್ಕ್, ಬರ್ಕ್’ ಎಂದವನನ್ನು ತರಗತಿಯಲ್ಲಿ ನಗೆಪಾಟಲು ಮಾಡುವ ಮೇಷ್ಟ್ರು ಇದನ್ನೊಮ್ಮೆ ಓದಿಕೊಳ್ಳಲಿ. 2026ರ ಜನವರಿಯಲ್ಲಿ ಬಂದ ಹೊಸ ನಿಯಮಾವಳಿಗೆ ಸುಪ್ರೀಂ ಕೋರ್ಟ್ ಅದೇ ತಿಂಗಳು ತಡೆ ನೀಡಿ, 2012ರದ್ದೇ ಮುಂದುವರಿಯಲಿ ಎಂದಿತು.

ದೂರು ಕಾಲೇಜಿನ ತಾರತಮ್ಯ ನಿವಾರಣಾ ಅಧಿಕಾರಿಗೆ, ಬರಹದಲ್ಲೇ ಇರಲಿ. ಯಾವ ದಿನ, ಯಾವ ಅವಧಿ, ಆಡಿದ ಮಾತು ಯಾವುದು, ಕೇಳಿಸಿಕೊಂಡವರು ಯಾರು ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಿ. ವಾರ ಕಳೆದರೆ ಪಕ್ಕದ ಬೆಂಚಿನವರಿಗೂ ಮರೆವು ಬರುತ್ತದೆ. ದೂರಿನ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಹೊರಬರಬೇಡಿ. 60 ದಿನದೊಳಗೆ ತೀರ್ಮಾನವಾಗಬೇಕು. ಅಂಥ ಅಧಿಕಾರಿಯೇ ಇಲ್ಲವೆಂದರೆ 2023ರ ನಿಯಮದ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಕೊಡಿ. ಅಲ್ಲೂ ಸಮಾಧಾನವಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ.

ಇದೆಲ್ಲ ಪದವಿ ಕಾಲೇಜಿಗೆ. ಪಿಯು ಕಾಲೇಜು ಯುಜಿಸಿ ವ್ಯಾಪ್ತಿಯಲ್ಲಿಲ್ಲ. ಅಲ್ಲಿನ ದೂರು ಪ್ರಾಂಶುಪಾಲರಿಗೆ, ಆಮೇಲೆ ಉಡುಪಿಯ ಪದವಿಪೂರ್ವ ಶಿಕ್ಷಣ ಉಪನಿರ್ದೇಶಕರಿಗೆ.

ಪರಿಶಿಷ್ಟರಲ್ಲದವರು ನಾಲ್ಕು ಜನರೆದುರು ಪರಿಶಿಷ್ಟ ವಿದ್ಯಾರ್ಥಿಯನ್ನು ಬೇಕೆಂದೇ ಜಾತಿ ಹಿಡಿದು ಅವಮಾನಿಸಿದರೆ ಅದು ಕಾಲೇಜಿನೊಳಗೇ ಮುಗಿಯುವ ವಿಷಯವಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2018ರ ತಿದ್ದುಪಡಿಯ ಬಳಿಕ, ‘ಮೊದಲು ವಿಚಾರಣೆ ಮಾಡಿ ನೋಡುವ’ ಎಂದು ಠಾಣೆಯಲ್ಲಿ ಎಫ್‌ಐಆರ್ ಮುಂದೂಡುವಂತಿಲ್ಲ. ‘ರಾಜಿ ಮಾಡಿಕೊಳ್ಳಿ’ ಎನ್ನಲು ಊರಿನ ದೊಡ್ಡವರು ಮನೆಗೇ ಬರಬಹುದು. ಸಹಿ ಹಾಕುವ ಮುನ್ನ ವಕೀಲರನ್ನು ಕೇಳಿ. ಪರಿಶಿಷ್ಟರಿಗೆ, ಹೆಣ್ಣುಮಕ್ಕಳಿಗೆ, ಅಂಗವಿಕಲರಿಗೆ ಆದಾಯ ನೋಡದೆ ವಕೀಲರನ್ನು ಉಚಿತವಾಗಿ ಕೊಡಬೇಕೆಂಬುದು 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ಕುಂದಾಪುರ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.